ಸೂಳೆಕೆರೆಯ ವೇಷದ ಮೀನುಗಳು

ನ್ಯಾಮತಿ
12 ನವೆಂಬರ್ 2025, ಬುಧವಾರ

ಎಲೈ ತಗಡಿನ ಕುಲತಿಲಕನೇ, ಕೆರೆಬಿಳಚಿಯ ಗಾಳವೀರನೇ, ಸದ್ಯಕ್ಕೆ ಜಗಳೂರಿನಲ್ಲಿ ಮಗಳ ಮನೆಯ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕುಳಿತಿರುವ ನನ್ನ ಸುಬಾನಸಾಬನೇ, ಕೇಳುವಂಥವನಾಗು.

ನಿನ್ನ ರಾಜಾಪಾರ್ಟು ವಿರೂಪಾಕ್ಷಪ್ಪ ಮಾಡುವ ಸಲಾಮು. ತಾಜ್‌ಬೀ ಅತ್ತಿಗೆಗೆ ಶರಣು. ಇದನ್ನು ಓದಿ ಹೇಳುತ್ತಿರುವ ಮೊಮ್ಮಗಳು ಅಫ್ಸಾನಾಳಿಗೆ ಆಶೀರ್ವಾದ. ಮಗಾ ಅಫ್ಸಾನಾ, ನಿಮ್ಮ ನಾನಾ ನಡುವೆ ಎಲ್ಲಾದರೂ ಸಾಕು ಮಡಚಿಡು ಅಂದರೆ ಮಡಚಬೇಡ. ಅವನಿಗೆ ಕಣ್ಣು ಹೋಗಿದೆ, ಕಿವಿಯಲ್ಲ. ಎದ್ದು ಒಳಗೆ ಹೋದರೆ ಹಿಂದೆಯೇ ಹೋಗಿ ಓದು. ನಾಟಕ ಶುರುವಾದ ಮೇಲೆ ಮುಂದಿನ ಸಾಲಿನವನು ಎದ್ದು ಹೋಗುವಂತಿಲ್ಲ.

ಹೋದ ವಾರ ನಮ್ಮ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ ಕಂಡಕ್ಟರನೊಬ್ಬ ಒಂದು ತಗಡಿನ ಪೆಟ್ಟಿಗೆ ಇಳಿಸಿದ. ನಾನು ಆಗ ಹೊನ್ನಾಳಿಯ ಒಂದು ನಾಟಕದ ಸಂಘಕ್ಕೆ ಬಾಡಿಗೆ ಹೋಗಬೇಕಿದ್ದ ಅರಮನೆಯ ಪರದೆಯನ್ನು ಬಿಸಿಲಿಗೆ ಹಾಕುತ್ತಿದ್ದೆ. ಪೆಟ್ಟಿಗೆ ನೋಡಿದ ಕೂಡಲೆ ಗೊತ್ತಾಯಿತು. ನಿನ್ನ ಕೈಯ ಬೆಸುಗೆ ನನಗೆ ಗೊತ್ತಾಗದೆ ಇರುತ್ತದೆಯೇ. ಒಳಗೆ ಗಾಳಕ್ಕೆಂದು ನಾವಿಬ್ಬರೂ ಕೂಡಿ ಮಾಡಿದ ಅಷ್ಟೂ ವೇಷದ ಮೀನುಗಳು, ಮೇಲೊಂದು ಚೀಟಿ. ನೀನು ಹೇಳಿದ್ದನ್ನು ಅಫ್ಸಾನಾ ಒಂದಕ್ಷರ ಬಿಡದೆ ಇಳಿಸಿದ್ದಳು. 'ಕಣ್ಣಿದ್ದಾಗ ದಿನಾ ಫೋನು. ಕಣ್ಣು ಹೋದ ಮ್ಯಾಲೆ ಒಂದಿನಾನೂ ಇಲ್ಲ. ಕುರುಡನ ಕೂಡೆ ರಾಜಾಪಾರ್ಟಿಗೆ ಏನು ಕೆಲಸ ಐತೆ? ಇವನ್ನೆಲ್ಲ ಸೂಳೆಕೆರೆಗೆ ಎಸೆದು ಬಾ ಅನ್ನು. ಇಲ್ಲಿಗೆ ಮುಗೀತು.'

ಮುಗೀತು ಅನ್ನುವುದಕ್ಕೆ ನೀನ್ಯಾರು? ಪರದೆ ಎಳೆಯುವ ಹಗ್ಗ ಯಾವತ್ತೂ ನನ್ನ ಕೈಯಲ್ಲಿತ್ತು.

ಆದರೂ ನೀನು ಹೇಳಿದ್ದನ್ನು ಮೀರಲಿಲ್ಲ. ಪೆಟ್ಟಿಗೆ ಹೊತ್ತುಕೊಂಡು ಸೂಳೆಕೆರೆಗೆ ಹೋದೆ. ಒಂದೊಂದನ್ನೂ ಎಸೆದೆ. ದಾರ ಕಟ್ಟಿ ಎಸೆದೆ.

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಬಂದದ್ದು ಮೀನಿನ ವಾಸನೆಯಲ್ಲ, ಸುಬಾನ. ಮೀಸೆ ಅಂಟಿಸುವ ಸ್ಪಿರಿಟ್ ಗಮ್ಮಿನ ವಾಸನೆ. ಅಲ್ಲೇ ಪರದೆಯ ಪಕ್ಕ ಕುಕ್ಕರಿಸಿದೆ. ಕತ್ತಲಗೆರೆಯ ನಾಟಕ ಕಣ್ಣ ಮುಂದೆ ಬಂತು.

ನಿನಗೂ ನೆನಪಿರಬೇಕು. ನನಗಾಗ ಮೀಸೆ ಸ್ವಂತದ್ದೂ ಇರಲಿಲ್ಲ, ಅಂಟಿಸಿದ್ದೂ ನಿಲ್ಲುತ್ತಿರಲಿಲ್ಲ. ಅಪ್ಪನ ನಾಟಕದ ಸಾಮಾನಿನ ಗಾಡಿಯಲ್ಲೇ ಹುಟ್ಟಿ, ಪರದೆಗಳ ಸುರುಳಿಯ ಮೇಲೆ ಮಲಗಿ ಬೆಳೆದವನು ಆ ವರ್ಷ ಮೊದಲ ಸಲ ರಾಜನಾಗಿದ್ದೆ. ನೀನು ಕಿರೀಟ ರಿಪೇರಿಗೆ ಬಂದಿದ್ದ ಕೆರೆಬಿಳಚಿಯ ತಗಡಿನ ಹುಡುಗ. ಎರಡನೇ ಅಂಕದಲ್ಲಿ ಕಿರೀಟದ ಎಡಗಡೆಯ ಹಿತ್ತಾಳೆ ಎಲೆಯೊಂದು ಸಡಿಲಾಗಿ ಕಿವಿಯ ಮೇಲೆ ಜೋತಾಡಿತು. ನಾನು ಯುದ್ಧಕ್ಕೆ ಹೊರಟು ಆರ್ಭಟಿಸಿದಾಗಲೆಲ್ಲ ಅದು ಟಿಣ್ ಅನ್ನುತ್ತಿತ್ತು, ಜನ ನಗುತ್ತಿದ್ದರು. ನೀನು ಪಕ್ಕದ ಪರದೆಯ ಸಂದಿಯಿಂದ ಕೈ ಚಾಚಿ ಅದಕ್ಕೊಂದು ದಾರ ಕಟ್ಟಿದೆ. ಬೆಳಗಾದ ಮೇಲೆ ಬಣ್ಣ ತೊಳೆಯಲು ಇಬ್ಬರೂ ಸೂಳೆಕೆರೆಗೆ ಹೋದೆವು. ನಾನು ಕಿರೀಟ ತೆಗೆಯದೆಯೇ ನೀರಿಗೆ ಬಗ್ಗಿದೆ. ತಲೆಗೆ ಅಂಟಿಕೊಂಡಿರುವಾಗ ಅದನ್ನು ಯಾರು ಬೇಗ ತೆಗೆಯುತ್ತಾರೆ ಹೇಳು. ಎಲೆ ದಾರದಲ್ಲಿ ಜಾರಿ ನೀರಿಗೆ ಇಳಿಯಿತು, ಎಳೆಬಿಸಿಲಿಗೆ ಮಿಂಚಿತು. ಮರುಗಳಿಗೆ ನೀರು ಒಡೆದು ನನ್ನ ತೋಳುದ್ದದ ಒಂದು ಮೀನು ಬಾಯಿ ತೆರೆದು ಮೇಲೆ ಬಂತು. ಎಲೆಯೂ ಹೋಯಿತು, ಕಿರೀಟವೂ ಹೋಯಿತು. ನಾನು ಗಾಬರಿಯಲ್ಲಿ ರಾತ್ರಿಯ ಅಭ್ಯಾಸದಂತೆ 'ಯಾರಲ್ಲಿ' ಎಂದು ಕೂಗಿದೆನಂತೆ. ನೀನು ನಗುತ್ತಾ ನೀರಿನಲ್ಲೇ ಕುಳಿತುಬಿಟ್ಟೆ. ಆಮೇಲೆ ತೇಲುತ್ತಿದ್ದ ರಟ್ಟಿನ ಕಿರೀಟ ಎತ್ತಿಕೊಂಡು ಬಂದು, ಹರಿದ ದಾರ ನೋಡುತ್ತಾ ಅಂದೆ: "ವೇಷ ನೋಡಿ ಜನ ಮರುಳಾಗ್ತಾರೆ ಅಂದ್ಕಂಡಿದ್ದೆ. ಮೀನೂ ಆಗ್ತಾವಲ್ಲಣ್ಣ."

ಅಲ್ಲಿಂದ ಶುರು. ಈಗಿನ ಹುಡುಗರು ದಾವಣಗೆರೆಯಿಂದ ಪ್ಲಾಸ್ಟಿಕ್ಕಿನವನ್ನು ತಂದು ಲೂರ್ ಅನ್ನುತ್ತಾರೆ. ನಾವು ಅದರ ಹೆಸರೂ ಕೇಳದಿದ್ದ ಕಾಲದಲ್ಲಿ ಹರಿದ ಪೋಷಾಕುಗಳಿಂದ ನಮ್ಮದೇ ಒಂದು ಮೇಳ ಕಟ್ಟಿದೆವು. ಕಿರೀಟದ ಹಿತ್ತಾಳೆ ತಗಡನ್ನು ಚಮಚದ ಹಾಗೆ ತಟ್ಟಿ ಬಗ್ಗಿಸಿದ್ದು ರಾಜಾಪಾರ್ಟು. ತೂಕ ಜಾಸ್ತಿ, ದೂರ ಹೋಗುತ್ತದೆ, ಆಳಕ್ಕೆ ಇಳಿಯುತ್ತದೆ, ತಿರುಗಿದಾಗ ಮಿಂಚುತ್ತದೆ. ಹಳೆಯ ಟೋಪನ್ನಿನ ಕೂದಲಿಗೆ ಜರಿಯ ಎಳೆ ಸೇರಿಸಿ ಕಟ್ಟಿದ್ದು ಸ್ತ್ರೀಪಾರ್ಟು. ಜೊಂಡಿನ ಅಂಚಿನಲ್ಲಿ ನಿಧಾನಕ್ಕೆ ಬಳುಕಿಸಿಕೊಂಡು ಬರಬೇಕು, ಅವಸರ ಮಾಡಿದರೆ ಅಂದವೆಲ್ಲ ಕೆಡುತ್ತದೆ. ಹಗುರ ಮರ ಕೊರೆದು ಹೊಟ್ಟೆಯೊಳಗೆ ಗೆಜ್ಜೆಯ ಕಾಳು ತುಂಬಿದ್ದು ಹಾಸ್ಯಪಾರ್ಟು. ಅದು ನೀರಿನ ಮೇಲೆಯೇ ಗುಳುಗುಳು ಅನ್ನುತ್ತಾ ಎಡವುತ್ತಾ ಬರುತ್ತದೆ. ಬಿಸಿಲಿದ್ದು ನೀರು ತಿಳಿಯಾಗಿದ್ದರೆ ರಾಜ, ಮೋಡವಿದ್ದರೆ ಹೆಣ್ಣು, ಹೊತ್ತು ಇಳಿದ ಮೇಲೆ ಹಾಸ್ಯ. ಈ ಲೆಕ್ಕ ಹಾಕಿದವನು ನೀನು. ಹೆಸರಿಟ್ಟವನು ನಾನು.

ಮಗಾ ಅಫ್ಸಾನಾ, ನೀನು ಬೋರ್‌ವೆಲ್ ನೀರಿನ ಊರಲ್ಲಿ ಬೆಳೆದವಳು. ಬಾಳೆಮೀನು ಎಂದರೆ ಏನು ಎಂದು ನಿಮ್ಮ ನಾನಾ ಹೇಳಿರಲಿಕ್ಕಿಲ್ಲ. ಮೈಮೇಲೆ ಒಂದು ಹುರುಪೆ ಇಲ್ಲ, ಬಾಳೆಯ ಎಳೆ ಸುಳಿಯಂತೆ ನುಣುಪು. ಎರಡು ಮೀಸೆ. ಬಾಯಿ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುತ್ತದೆ, ಅದರ ತುಂಬ ಹಲ್ಲು. ಬೇರೆ ಮೀನುಗಳನ್ನು ನುಂಗಿ ಬದುಕುವ ಠೀವಿಯ ಪ್ರಾಣಿ. ಹಿಟ್ಟಿನ ಉಂಡೆಗೆ ಬರುವುದಿಲ್ಲ, ಎರೆಹುಳುವಿನ ಕಡೆ ತಿರುಗಿ ನೋಡುವುದಿಲ್ಲ. ದಿನವಿಡೀ ತೋಳು ಬೀಳುವ ತನಕ ಬೀಸಿದರೆ ಒಮ್ಮೆ ಬಂದು ವೇಷದ ಹಿಂದೆಯೇ ದಡದವರೆಗೆ ತೇಲಿ, ನಮ್ಮ ಮುಖ ನೋಡಿ, ತಿರುಗಿ ಹೋಗುತ್ತದೆ. ಅದಕ್ಕೆ ನಿಮ್ಮ ನಾನಾ ಒಂದು ಉಪಾಯ ಕಂಡುಹಿಡಿದಿದ್ದ. ವೇಷ ದಡಕ್ಕೆ ಬಂತೆಂದು ಮೇಲೆತ್ತಬೇಡ, ಗಾಳದ ಕಡ್ಡಿಯ ತುದಿಯನ್ನು ನೀರಿಗಿಳಿಸಿ ದೊಡ್ಡದೊಂದು ಸೊನ್ನೆ ಬರೆ ಎನ್ನುತ್ತಿದ್ದ. ಹಿಂಬಾಲಿಸಿ ಬಂದದ್ದು ಆ ಸೊನ್ನೆಯ ತಿರುವಿನಲ್ಲೇ ಕಚ್ಚುತ್ತದೆ.

ಸುಬಾನ, ನನ್ನ ಸೊನ್ನೆ ಒಮ್ಮೆಯೂ ಪೂರ್ತಿಯಾಗಲಿಲ್ಲ ಎನ್ನುವುದು ನಿನಗೆ ಗೊತ್ತು. ಕೆರೆ ಕೋಡಿ ಬಿದ್ದ ವರ್ಷ ಆ ದೊಡ್ಡದು ರಾಜಾಪಾರ್ಟಿನ ಬೆನ್ನು ಹತ್ತಿ ಬಂದಿತ್ತಲ್ಲ. ನೀನು ಪಕ್ಕದಲ್ಲಿ ನಿಂತು ಉಸಿರು ಬಿಗಿಹಿಡಿದು ಸೊನ್ನೆ, ಸೊನ್ನೆ ಎನ್ನುತ್ತಿದ್ದೆ. ನನಗೆ ಅದರ ತಲೆ ಕಂಡಿತು. ಕಂಡ ಮೇಲೆ ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಬಾ ಮಗನೆ ಎಂದು ಕೆರೆಯ ಆಚೆ ದಡಕ್ಕೆ ಕೇಳುವ ಹಾಗೆ ಆರ್ಭಟಿಸಿದೆ. ಮೀನು ಹೋಯಿತು. ಚನ್ನಗಿರಿಯಲ್ಲಿ ನನ್ನನ್ನು ಬಸ್ಸು ಹತ್ತಿಸುವಾಗ, "ಮೀನು ಹಿಡಿಯಾಕೆ ಬಾಯಿ ಯಾಕ್ ಬೇಕು ನಿಂಗೆ? ನಾಳೆಯಿಂದ ಅದನ್ನ ಮನೇಲಿಟ್ಟು ಬಾ" ಅಂದೆ. ಮೈಕಿಲ್ಲದ ಕಾಲದಲ್ಲಿ ಹೊನ್ನಾಳಿಯ ಹೊಳೆದಂಡೆಯಲ್ಲಿ ನಾನು ಕೂಗಿದ ಮಾತು ಆಚೆ ದಡದ ದೋಣಿಯವರಿಗೆ ಕೇಳುತ್ತಿತ್ತು ಎಂದು ಊರೆಲ್ಲ ಹೊಗಳುತ್ತಿದ್ದರೆ ನೀನೊಬ್ಬನೇ ಅದನ್ನು ಬಯ್ಯುತ್ತಿದ್ದೆ.

ಇನ್ನು ನಮ್ಮಿಬ್ಬರ ಹೆಂಡಿರ ಬೈಗುಳ. ನಾನು ಹಿಡಿದದ್ದನ್ನು ತಿನ್ನುವವನಲ್ಲ, ಲಿಂಗ ಕಟ್ಟಿಕೊಂಡವನು. ನಿನಗೆ ತಿನ್ನುವ ಆಸೆ ಬೆಟ್ಟದಷ್ಟು, ಹಿಡಿಯುವ ತಾಳ್ಮೆ ಗಂಟೆಗೊಮ್ಮೆ ಬೀಡಿಗೆ ಎದ್ದು ಹೋಗುತ್ತಿತ್ತು. ಬಂದದ್ದೆಲ್ಲ ಕೆರೆಬಿಳಚಿಯ ನಿನ್ನ ಮನೆಗೆ. ಅತ್ತಿಗೆ ನಿನಗೆ ಮೀನು ಬಡಿಸಿ, ನನಗೆ ಮೀನು ಮುಟ್ಟದ ಬೇರೆ ಪಾತ್ರೆಯಲ್ಲಿ ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟು, ಹಿಡಿಯೋರು ತಿನ್ನಲ್ಲ ತಿನ್ನೋರು ಹಿಡಿಯಲ್ಲ ಎಂಥಾ ಜೋಡಿ ಕೊಟ್ಟೆಯಪ್ಪಾ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಇಲ್ಲಿ ಶಂಕ್ರಮ್ಮ ನನ್ನನ್ನು ಹಿತ್ತಲಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿದು, ಮುಟ್ಟಿದ ಕೈ ನಿಮ್ಮದು, ತಿಂದ ಬಾಯಿ ಸುಬಾನಣ್ಣಂದು, ನಡುವಿನ ಪಾಪ ಯಾರ ತಲೆಗೆ ಎಂದು ಕೇಳುತ್ತಿದ್ದಳು.

ಸರಿ, ಈಗ ಮುಖ್ಯ ಅಂಕಕ್ಕೆ ಬರುತ್ತೇನೆ. ಕುರುಡನಾದವನು ಇನ್ನು ಗಾಳ ಹಿಡಿಯುವುದು ಮುಗಿಯಿತು ಎಂದು ನೀನು ತೀರ್ಮಾನಿಸಿದ್ದೀಯ. ನಾನು ಒಪ್ಪಿಲ್ಲ. ಒಪ್ಪದಿರುವುದಕ್ಕೆ ಪುರಾವೆ ಬೇಕಲ್ಲ. ನಿನಗೆ ಜಾಗ ಹುಡುಕಬೇಕಾದರೆ ನಿನ್ನ ಕಣ್ಣಿನಿಂದಲೇ ಹುಡುಕಬೇಕು ಎಂದುಕೊಂಡು ಶನಿವಾರ ಚನ್ನಗಿರಿಗೆ ಹೋದೆ. ಶಂಕ್ರಮ್ಮನ ತಂಗಿ ಶೈಲಾಳ ಮನೆಯಲ್ಲಿ ಬಿಡಾರ. ಆಶ್ಚರ್ಯಪಡು, ಶಂಕ್ರಮ್ಮನೂ ಜೊತೆಗೆ ಬಂದಳು. ಮೀನಿನ ಹೆಸರೆತ್ತಿದರೆ ಮೂಗು ಮುಚ್ಚುತ್ತಿದ್ದವಳು ಕೆರೆಯ ದಡದವರೆಗೆ ಬಂದು, ಹೊಂಗೆ ಮರದ ಕೆಳಗೆ ಚಾಪೆ ಹಾಸಿ, ನೀರಿಗೆ ಬೆನ್ನು ಮಾಡಿ ಕುಳಿತಳು. ಏರಿಯ ದೇವಸ್ಥಾನದಲ್ಲಿ ಕಾರ್ತಿಕದ ದೀಪ ಹಚ್ಚಬೇಕು ಎನ್ನುವುದು ಅವಳ ನೆಪ.

ಹರಿಗೋಲಿನ ಸೈಫುಲ್ಲಾ ನಮ್ಮನ್ನು ಕರೆದುಕೊಂಡು ತಿರುಗಿದ. ನಿನ್ನ ಬೀದಿಯ ಹುಡುಗನೇ, ಈಗ ಅವನಿಗೇ ಮೊಮ್ಮಕ್ಕಳಿದ್ದಾರೆ. ಮೊದಲು ತೂಬಿನ ಹತ್ತಿರ ಹೋದೆವು. ನಾಲೆಗೆ ನೀರು ಬಿಟ್ಟಿದ್ದರು. ಸಣ್ಣ ಮೀನು ಅಲ್ಲಿ ಸೇರುತ್ತವೆ, ಅವುಗಳ ಹಿಂದೆ ಬಾಳೆಮೀನು ಇದ್ದೇ ಇರುತ್ತದೆ. ಟವೆಲ್ಲಿನಿಂದ ಕಣ್ಣು ಕಟ್ಟಿಕೊಂಡು ಹಾಸ್ಯಪಾರ್ಟು ಬೀಸಿದೆ. ಕಣ್ಣಿಲ್ಲದವನಿಗೆ ಸದ್ದು ಮಾಡುವ ವೇಷವೇ ಸರಿ ಎಂಬುದು ನನ್ನ ಲೆಕ್ಕ. ಲೆಕ್ಕ ತಪ್ಪಿತು. ತೂಬಿನ ಭೋರ್ಗರೆತದಲ್ಲಿ ಅದರ ಗುಳುಗುಳು ಎಲ್ಲಿ ಕೇಳಬೇಕು. ವೇಷ ಎಲ್ಲಿದೆ, ನಾನೆಲ್ಲಿದ್ದೇನೆ, ಎರಡೂ ತಿಳಿಯಲಿಲ್ಲ. ಆ ಜಾಗ ನಿನಗಲ್ಲ.

ಅಲ್ಲಿಂದ ಗುಡ್ಡದ ಮಗ್ಗುಲಿಗೆ. ಹಳೆಯ ಜಾಲಿ ಗಿಡಗಳು ಮುಳುಗಿವೆಯಲ್ಲ, ನಿನಗೆ ಪ್ರಾಣವಾಗಿದ್ದ ಜಾಗ. ಮೀನಿಗೆ ಅದು ಅರಮನೆ, ಒಪ್ಪುತ್ತೇನೆ. ಆದರೆ ಕಣ್ಣು ಕಟ್ಟಿಕೊಂಡು ಸ್ತ್ರೀಪಾರ್ಟು ಬಿಟ್ಟರೆ ಜಡೆ ಹೋಗಿ ಮುಳ್ಳಿಗೆ ಸಿಕ್ಕಿಕೊಂಡಿತು. ಸೈಫುಲ್ಲಾ ಹರಿಗೋಲು ಹಾಕಿಕೊಂಡು ಹೋಗಿ ಬಿಡಿಸಿದ. ಮತ್ತೆ ಬೀಸಿದೆ, ಮತ್ತೆ ಹೋಗಿ ಬಿಡಿಸಿದ. ಮೂರನೆಯ ಸಲಕ್ಕೆ ಅವನು, "ಯಜಮಾನ್ರೇ, ಮೀನು ಹಿಡಿಯಾಕೆ ಬಂದೀರೋ, ನನ್ ಕೈಲಿ ಜಾಲಿ ಕಡಿಸಾಕೆ ಬಂದೀರೋ" ಅಂದ. ನಾನು ಉತ್ತರ ಕೊಡಲಿಲ್ಲ. ಇಂಥ ಮಾತಿಗೆ ಉತ್ತರ ಕೊಡದೆ ಇರುವುದು ನನಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತಿದೆ.

ಭಾನುವಾರ ಏರಿಯ ಮೆಟ್ಟಿಲು. ಅದನ್ನು ಹೇಳಲು ನಾಚಿಕೆ. ರಜೆಯ ಜನ, ಸೆಲ್ಫಿ, ಮಂಡಕ್ಕಿ ಗಾಡಿ. ಕಣ್ಣು ಕಟ್ಟಿಕೊಂಡ ಮುದುಕನನ್ನು ನೋಡಿ ಎಲ್ಲರೂ ಹಿಂದೆ ಬಂದು ನೆರೆದರು, ನಗತೊಡಗಿದರು. ಈಗ ನೀನೇ ಯೋಚಿಸು. ಜೀವಮಾನವೆಲ್ಲ ಜನ ನಗುವ ಕಡೆಗೆ, ಚಪ್ಪಾಳೆ ಬರುವ ಕಡೆಗೆ ಮುಖ ತಿರುಗಿಸಿ ಬದುಕಿದ ದೇಹ ಇದು. ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದು ಎಂದು ಅಪ್ಪ ಬೆತ್ತದಲ್ಲಿ ಕಲಿಸಿದ್ದು. ಕಣ್ಣು ಕಟ್ಟಿತ್ತು, ನೀರು ಎತ್ತ ಜನ ಎತ್ತ ಎಂದು ನೋಡುವಂತಿಲ್ಲ, ಕಾಲು ತಾನಾಗಿ ತಿರುಗಿಬಿಟ್ಟಿತು. ರಾಜಾಪಾರ್ಟನ್ನು ಬಲವಾಗಿ ಜನರ ಮೇಲೆಯೇ ಬೀಸಿದೆ. ದೇವರ ದಯೆ, ಅದು ಮಂಡಕ್ಕಿ ಗಾಡಿಯ ತಾಡಪಾಲಿಗೆ ಕಚ್ಚಿಕೊಂಡಿತು. ನಾನು ಮೀನೆಂದು ಎಳೆದೆ. ತಾಡಪಾಲು ಬಂತು, ಅದರ ಹಿಂದೆ ಗಾಡಿಯವನೂ ಬಂದ. ಟವೆಲ್ ಬಿಚ್ಚಿ ನೋಡಿದರೆ ನಮ್ಮ ಶಂಕ್ರಮ್ಮ ಅವನಿಗೆ ಕೈ ಮುಗಿದು, ಇಡೀ ಬುಟ್ಟಿಯ ಮಂಡಕ್ಕಿ ಕೊಳ್ಳುತ್ತಿದ್ದಳು. ಇವತ್ತು ಬೆಳಗ್ಗೆಯೂ ನಮ್ಮ ಮನೆಯಲ್ಲಿ ಮಂಡಕ್ಕಿ ಉಪ್ಪಿಟ್ಟು.

ಸೋಮವಾರ ಕಾರ್ತಿಕ ಸೋಮವಾರ, ಗಾಳ ಮುಟ್ಟುವಂತಿಲ್ಲ. ಮರದ ಕೆಳಗೆ ಕುಳಿತು ಯೋಚಿಸಿದೆ. ನೀನು ಹೇಳುತ್ತಿದ್ದ ಕ್ರಮ ಜ್ಞಾಪಕ ಬಂತು, ಮೊದಲು ಜಾಗ, ಆಮೇಲೆ ವೇಷ, ಕೊನೆಗೆ ಕೈ. ನಾನು ವೇಷದಿಂದ ಶುರು ಮಾಡಿದ್ದೆ. ನಟನ ಬುದ್ಧಿ.

ನಿನ್ನೆ ಮಂಗಳವಾರ ಹಳ್ಳ ಕೆರೆಗೆ ಸೇರುವ ಕಡೆಗೆ ಹೋದೆವು. ಅಲ್ಲಿ ಬಟ್ಟೆ ಒಗೆಯುವ ಚಪ್ಪಟೆ ಬಂಡೆ ಇದೆಯಲ್ಲ, ನಾವು ಯಾವತ್ತೂ ಹೆಂಗಸರ ಜಾಗವೆಂದು ಬಿಟ್ಟು ಮುಂದೆ ಹೋಗುತ್ತಿದ್ದದ್ದು. ಈಗ ಅಲ್ಲಿ ಯಾರೂ ಒಗೆಯುವುದಿಲ್ಲ, ಎಲ್ಲರ ಮನೆಯಲ್ಲೂ ನಲ್ಲಿ. ಹತ್ತಿ ನಿಂತು ಕಣ್ಣು ಕಟ್ಟಿಕೊಂಡೆ. ಸುಬಾನ, ಅದು ನಿನಗಾಗಿಯೇ ಕಾದಿಟ್ಟ ರಂಗಮಂಚ. ಕಾಲ ಕೆಳಗೆ ಒಂದೇ ಸಮ, ಎಡವಲು ಏನೂ ಇಲ್ಲ. ಬಂಡೆಯ ಅಂಚು ಹೆಬ್ಬೆರಳಿಗೆ ಸಿಗುತ್ತದೆ. ಈ ತಿಂಗಳ ಮೂಡಣ ಗಾಳಿ ಸರಿಯಾಗಿ ಕತ್ತಿನ ಹಿಂದೆ ಬಡಿಯುತ್ತದೆ. ಅದು ಕಿವಿಗೆ ತಾಗಿದರೆ ನೀನು ತಿರುಗಿದ್ದೀಯ ಎಂದರ್ಥ, ಸರಿಪಡಿಸಿಕೋ. ನಿಂತವನ ಮುಖ ಪಡುವಣಕ್ಕೆ, ನೀನು ನಮಾಜಿಗೆ ನಿಲ್ಲುವ ದಿಕ್ಕಿಗೇ. ಸಂಜೆಯ ನಮಾಜು ಅಲ್ಲೇ ಮುಗಿಸು, ತಿರುಗುವ ಕೆಲಸವೇ ಇಲ್ಲ, ಹಾಗೇ ಬೀಸು. ಎದುರಿಗೆ ಮುಳ್ಳಿಲ್ಲ, ಜೊಂಡಿಲ್ಲ. ಹಳೆಯ ಹಳ್ಳದ ಆಳವಾದ ಪಾತ್ರ ಬಂಡೆಯ ಬುಡದಲ್ಲೇ ಹಾದು ಹೋಗುತ್ತದೆ. ಬಾಳೆಮೀನು ಹೊತ್ತಿಳಿದ ಮೇಲೆ ಅದೇ ದಾರಿ ಹಿಡಿದು ದಡಕ್ಕೆ ಬರುತ್ತದೆ ಎಂದು ಸೈಫುಲ್ಲಾ ಹೇಳಿದ. ಇಷ್ಟು ವರ್ಷ ಮೀನಿನ ಬಾಗಿಲಲ್ಲೇ ಹಾದು ಹೋಗಿ ಹಿತ್ತಲು ಹುಡುಕಿದ್ದೇವೆ.

ವೇಷ ಯಾವುದು? ಹಾಸ್ಯಪಾರ್ಟನ್ನು ಕಿವಿ ಕೇಳಬೇಕು, ಸ್ತ್ರೀಪಾರ್ಟನ್ನು ಕಣ್ಣು ನೋಡಬೇಕು. ರಾಜಾಪಾರ್ಟು ಮಾತ್ರ ಕೈಯ ಜೊತೆ ಮಾತಾಡುತ್ತದೆ. ಕಣ್ಣಿದ್ದಾಗ ಅದರ ಮಿಂಚು ನೋಡುತ್ತಿದ್ದೆನೇ ಹೊರತು ಇದನ್ನು ಗಮನಿಸಿರಲಿಲ್ಲ. ಎಳೆಯುವಾಗ ಅದು ನೀರಲ್ಲಿ ಹೊರಳುವ ಒಂದೊಂದು ಪೆಟ್ಟೂ ದಾರದಲ್ಲಿ ಹತ್ತಿ ಮಣಿಕಟ್ಟಿಗೆ ಬರುತ್ತದೆ, ತಬಲಾದ ಎಡಗೈಯ ಹಾಗೆ. ಪೆಟ್ಟು ನಿಧಾನವಾದರೆ ಆಳ ಜಾಸ್ತಿಯಾಗಿದೆ, ಬೇಗ ಎಳೆ. ಪೆಟ್ಟು ಹಗುರವಾಗಿ ಮೇಲೆ ಬಂದರೆ ದಡ ಹತ್ತಿರ, ಸೊನ್ನೆಗೆ ಸಿದ್ಧನಾಗು. ನೀನು ಬಡಿದ ತಗಡು ನಿನ್ನ ಕೈಗೆ ಇಷ್ಟು ಹೇಳದೆ ಇರುತ್ತದೆಯೇ.

ಕೆರೆಬಿಳಚಿಯ ಕಡೆಯಿಂದ ಬಾಂಗ್ ಕೂಗಿ ಮುಗಿದಿತ್ತು. ಬೀಸಿದೆ. ಪೆಟ್ಟು ಎಣಿಸುತ್ತಾ ಎಳೆದೆ. ದಡದ ಹತ್ತಿರ ಬಂದಾಗ ಪೆಟ್ಟಿನ ನಡುವೆ ಏನೋ ತಡವರಿಸಿದ ಹಾಗಾಯಿತು, ಹಿಂದಿನಿಂದ ಯಾರೋ ನೀರನ್ನು ದೂಡಿದಂತೆ. ಸೈಫುಲ್ಲಾನ ಉಸಿರು ನಿಂತದ್ದು ನನಗೆ ಕೇಳಿಸಿತು. ಅವನಿಗೆ ಕಾಣುತ್ತಿತ್ತು, ನನಗೆ ಕಾಣುತ್ತಿರಲಿಲ್ಲ. ಕಂಡಿದ್ದರೆ ಕೈ ಜಗ್ಗಿಬಿಡುತ್ತಿದ್ದೆ. ಕಡ್ಡಿಯ ತುದಿ ನೀರಿಗಿಳಿಸಿದೆ. ನೀನು ಪಕ್ಕದಲ್ಲಿ ನಿಂತು ಹೇಳಿದಂತೆಯೇ ನಿಧಾನಕ್ಕೆ, ದೊಡ್ಡದಾಗಿ ಸೊನ್ನೆ ಬರೆದೆ. ಮೊದಲ ಸಲ ಸೊನ್ನೆಯ ಎರಡು ತುದಿ ಕೂಡಿದವು. ಅಲ್ಲೇ ಹೊಡೆಯಿತು.

ಕಾಳಗವನ್ನು ಹಾಡಿ ಹೊಗಳುವುದಿಲ್ಲ. ಎರಡು ಸಲ ಮಂಡಿಯೂರಿದೆ, ಒಮ್ಮೆ ಸೈಫುಲ್ಲಾ ನನ್ನ ಸೊಂಟ ಹಿಡಿದುಕೊಂಡ. ಕೊನೆಗೆ ಅವನೇ ಬಂಡೆಯ ಮಗ್ಗುಲಿನ ಮೊಣಕಾಲು ನೀರಿಗಿಳಿದು ಕಿವಿರಿಗೆ ಕೈ ಹಾಕಿ ಮೇಲೆ ತಂದು ಬಂಡೆಯ ಮೇಲೆ ಮಲಗಿಸಿದ. ಟವೆಲ್ ಬಿಚ್ಚಿದೆ. ಅಷ್ಟುದ್ದದ್ದನ್ನು ನಾವಿಬ್ಬರೂ ಕೂಡಿದ್ದಾಗ ಎಂದೂ ಹಿಡಿದಿರಲಿಲ್ಲ. ಮೀಸೆ ಅಲ್ಲಾಡುತ್ತಿತ್ತು. ಮೈಮೇಲೆ ಸಂಜೆಯ ಬೆಳಕು ಹಿತ್ತಾಳೆಯ ಹಾಗೆ. ಸೈಫುಲ್ಲಾ ಅದನ್ನು ಹೋಟೆಲಿಗೆ ಕೊಟ್ಟರೆ ಎಷ್ಟು ಬರುತ್ತದೆ ಎಂದು ಮನಸ್ಸಿನಲ್ಲೇ ಗುಣಿಸುತ್ತಿದ್ದ. ನಾನು ಅದರ ಪಕ್ಕ ಕುಳಿತು ಏನು ಮಾಡುವುದೆಂದು ತಿಳಿಯದೆ ಅದರ ತಲೆ ಸವರುತ್ತಿದ್ದೆ. ಆಗ ಮೂರು ದಿನದಿಂದ ನೀರಿಗೆ ಬೆನ್ನು ಮಾಡಿ ಕುಳಿತಿದ್ದ ಶಂಕ್ರಮ್ಮ ಎದ್ದು ಬಂದಳು. ಸೆರಗು ಮೂಗಿಗೆ ಹಿಡಿದುಕೊಂಡೇ ಬಗ್ಗಿ ನೋಡಿದಳು. ಆಮೇಲೆ ಸೈಫುಲ್ಲಾನಿಗೆ ಅಂದಳು: "ಬಿಟ್‌ಬಿಡಪ್ಪ ಅದನ್ನ. ತಿನ್ನೋರು ಜಗಳೂರಾಗೆ ಅದಾರೆ."

ಸೈಫುಲ್ಲಾ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ. ಗಾಳ ಬಿಡಿಸಿ ನೀರಿಗಿಟ್ಟ. ಅದು ಸ್ವಲ್ಪ ಹೊತ್ತು ಬಂಡೆಯ ಬುಡದಲ್ಲೇ ನಿಂತು, ಬಾಲ ಒಮ್ಮೆ ಬೀಸಿ, ಹಳ್ಳದ ಪಾತ್ರಕ್ಕೆ ಇಳಿಯಿತು.

ಆದ್ದರಿಂದ ಎಲೈ ಸುಬಾನಸಾಬನೇ, ಮೀನು ಇದೆ. ಎಲ್ಲಿದೆ ಎಂದು ಗೊತ್ತಾಗಿದೆ. ಯಾವ ವೇಷಕ್ಕೆ ಬರುತ್ತದೆ ಎಂದು ಗೊತ್ತಾಗಿದೆ. ಕಣ್ಣಿಲ್ಲದೆ ಹಿಡಿಯಬಹುದು ಎಂಬುದಕ್ಕೆ ಈ ಕೈಯೇ ಸಾಕ್ಷಿ. ಇನ್ನು ನೀನು ಬರಬೇಕಾದ್ದೊಂದು ಬಾಕಿ. ಇದೇ 22ರ ಶನಿವಾರ, ಅಮಾವಾಸ್ಯೆ ಕಳೆದಿರುತ್ತದೆ, ಬಾಳೆಮೀನಿಗೆ ಅದು ಒಳ್ಳೆಯ ಕಾಲ ಎಂದು ನೀನೇ ಹೇಳುತ್ತಿದ್ದೆ. ಅಫ್ಸಾನಾ ನಿನ್ನನ್ನು ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ದಾವಣಗೆರೆಯಲ್ಲಿ ಬದಲಿಸಿ ಚನ್ನಗಿರಿಗೆ ತರಲಿ. ಬಸ್‌ಸ್ಟ್ಯಾಂಡಿನಲ್ಲಿ ಸೈಫುಲ್ಲಾ ಒಂದು ಆಟೋ ಮಾಡಿಕೊಂಡು ಬಂದಿರುತ್ತಾನೆ. ಅತ್ತಿಗೆಯೂ ಬರಲಿ. ಶಂಕ್ರಮ್ಮ ಅವಲಕ್ಕಿ ತರುತ್ತಾಳಂತೆ, ಎಷ್ಟೋ ವರ್ಷದ ಅವಲಕ್ಕಿಯ ಋಣ ತೀರಿಸಬೇಕಂತೆ. ಈ ಸಲ ಸಿಕ್ಕಿದ್ದನ್ನು ಬಿಡುವುದಿಲ್ಲ. ಅದು ಅತ್ತಿಗೆಯ ಬಾಣಲೆಗೆ.

ಬಂಡೆಯ ಮೇಲೆ ನೀನು ಮುಂದೆ, ನಾನು ಹಿಂದೆ. ನಿನ್ನ ಎಡ ಭುಜದ ಮೇಲೆ ನನ್ನ ಕೈ ಇರುತ್ತದೆ. ಒಮ್ಮೆ ಒತ್ತಿದರೆ ಬೀಸು. ಎರಡು ಸಲ ಒತ್ತಿದರೆ ತಡೆ. ಕೈ ದುಂಡಗೆ ಸವರಿದರೆ ಸೊನ್ನೆ ಬರೆ. ಮಾತು ಬೇಡ, ಮಾತಿಗೆ ಮೀನು ಓಡುತ್ತದೆ ಎಂದು ಜನ್ಮವೆಲ್ಲ ಬೈದವನು ನೀನೇ ಅಲ್ಲವೇ. ಇನ್ನು ಮುಂದೆ ನಿನ್ನ ಮಾತೇ ನಡೆಯಲಿ.

ಹುಸಿ ಕೋಪವನ್ನು ಬಸ್ಸಿನಲ್ಲೇ ಮರೆತು ಇಳಿ. ನಿಜವಾದ ಕೋಪವಾಗಿದ್ದರೆ ತಂದು ನನ್ನ ಮುಂದೆ ಸುರಿ, ಬಂಡೆ ದೊಡ್ಡದಿದೆ.

ಪರದೆ ಎಳೆಯದೆ, ಹಗ್ಗ ಕೈಯಲ್ಲಿ ಹಿಡಿದು ನಿನ್ನ ಪ್ರವೇಶಕ್ಕೆ ಕಾದಿರುವ,
ನಿನ್ನ
ವಿರೂಪಾಕ್ಷಪ್ಪ

ತಾ.ಕ.: ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ. ಶಂಕ್ರಮ್ಮ ಅದನ್ನು ಕಿತ್ತು ಮುಂದೆ ಇಟ್ಟಳು. ಇದನ್ನು ಹೇಳದಿದ್ದರೆ ಅವನು ಬರೋದಿಲ್ಲ, ಬಂದರೂ ಹೆದರುತ್ತಾನೆ ಅಂದಳು. ಅವಳು ಹೇಳುವುದು ಸರಿ. ಆಷಾಢದಲ್ಲಿ ನನ್ನ ಗಂಟಲಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಮಾಡಿ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಜೀವಕ್ಕೆ ಏನೂ ತೊಂದರೆ ಇಲ್ಲವಂತೆ. ಕತ್ತಿನಲ್ಲೊಂದು ತೂತು, ಅದರ ಮೇಲೊಂದು ತೆಳು ಬಟ್ಟೆ, ಉಸಿರಾಟ ಅಲ್ಲಿಂದ. ಅದರೊಳಗೆ ನೀರು ಹೋಗಬಾರದು ಎಂದು ಇವಳು ಕೆರೆಗೆ ಕಾವಲಿಗೆ ಬಂದದ್ದು. ನಿನಗೆ ಕಣ್ಣಿನ ಸಂಕಟವೇ ಸಾಕಷ್ಟಿತ್ತು, ಅದಕ್ಕೆ ಯಾರೂ ಹೇಳಬಾರದು ಎಂದು ಸೈಫುಲ್ಲಾನ ಕೈಯಲ್ಲೂ ಆಣೆ ಹಾಕಿಸಿಕೊಂಡಿದ್ದೆ. ಶ್ರಾವಣದಲ್ಲಿ ನೀನು ಫೋನು ಮಾಡಿದಾಗ ಎತ್ತಿದವನು ನಾನೇ. ನೀನು ಹಲೋ ಅಂದೆ, ರಾಜಾಪಾರ್ಟು ಅಂದೆ, ಮತ್ತೆ ಹಲೋ ಅಂದೆ. ಆ ಕಡೆ ಯಾರೂ ಇಲ್ಲ ಎಂದು ಅತ್ತಿಗೆಗೆ ಹೇಳಿದ್ದೂ ಕೇಳಿಸಿತು. ನಾನಿದ್ದೆ ಸುಬಾನ. ನೀನು ಇಟ್ಟ ಮೇಲೂ ಹಿಡಿದುಕೊಂಡೇ ಇದ್ದೆ. ಶನಿವಾರ ಬಂಡೆಯ ಮೇಲೆ ನಿಂತು ನೀನು ಕರೆದರೆ ಉತ್ತರ ಬರುವುದಿಲ್ಲ. ಭುಜದ ಮೇಲೆ ಕೈ ಇದೆಯೋ ಇಲ್ಲವೋ ನೋಡಿಕೋ. ಇದ್ದರೆ ಬೀಸು.